ಚೆನ್ನವೀರಮ್ಮನ ನಂಬರು

ಉಸಿರಾಡುವುದಕ್ಕೂ ಯಂತ್ರದಲ್ಲಿ ಹೆಸರಿರಬೇಕು ಎಂದರೆ ಹಿಂದಿನ ಕಾಲದವರು ನಗುತ್ತಿದ್ದರೇನೋ. ನಮಗೆ ನಗು ಬರುವುದಿಲ್ಲ. ನಾವು ಹುಟ್ಟಿದ್ದೇ ಬಂಡೆಯೊಳಗೆ. ನೆಲದ ಮೇಲೆ ನಿಲ್ಲಲಾಗದಷ್ಟು ಬಿಸಿಲು ಬಂದ ಮೇಲೆ ನಮ್ಮ ಮುತ್ತಜ್ಜಂದಿರು ಮಧುಗಿರಿ, ಪಾವಗಡದ ಕಡೆಯ ಬೆಟ್ಟಗಳನ್ನು ಕೊರೆದು ಒಳಗೆ ಊರು ಕಟ್ಟಿಕೊಂಡರು. ನಮ್ಮ ಊರಿನ ಹೆಸರು ಕಲ್ಲೊಡಲು. ಇಲ್ಲಿ ಗಾಳಿ ಬರುವುದು ಫ್ಯಾನಿನಿಂದ, ನೀರು ಬರುವುದು ಪಂಪಿನಿಂದ. ಎರಡನ್ನೂ ಅಳೆದು ಕೊಡುವುದು ಯಂತ್ರ. ಆ ಯಂತ್ರಕ್ಕೆ ನಿಮ್ಮ ಮುಖ ಬೇಡ, ಗುಣ ಬೇಡ. ಒಂದು ಹೆಸರು, ಒಂದು ನಂಬರು, ಒಂದು ಗುಂಪು, ಅಷ್ಟು ಸಾಕು. ಅಷ್ಟಿದ್ದರೆ ಬಾಗಿಲು ತೆರೆಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಮಲಗುವ ಕೋಣೆಗೆ ಗಾಳಿ ಬರುತ್ತದೆ.

ಗುಂಪು ಎಂದರೆ ಮನೆ. ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಗುಂಪು. ಇದು ನಮ್ಮ ಹಿರಿಯರು ಮಾಡಿಟ್ಟ ಕಟ್ಟಳೆ. ಯಂತ್ರಗಳಿಗೂ ಹೀಗೇ ಹೆಸರು, ನಂಬರು ಇವೆ. ಫ್ಯಾನಿಗೊಂದು, ಪಂಪಿಗೊಂದು. ಅವುಗಳಿಗೆ ಮನೆ ಕೊಡುವುದಿಲ್ಲ, ಒಳಗೆ ಬರಲು ಬಾಗಿಲು ಕೊಡುವುದಿಲ್ಲ, ಕೆಲಸ ಮಾತ್ರ ಕೊಡುತ್ತೇವೆ. "ನಮ್ಮಂಥ ಹೆಂಗಸರ ಥರ ಅನ್ನಿ" ಎಂದು ನಾನು ರೇಗಿಸಿದರೆ ನಮ್ಮ ಮೇಲಧಿಕಾರಿ ಹಮೀದ್ ಸಾಹೇಬರು ಟೀ ಲೋಟ ಕೆಳಗಿಟ್ಟು ನಗುತ್ತಿದ್ದರು.

ನಾನು ಪುಟ್ಟತಾಯಿ. ಕಂಟ್ರೋಲ್ ರೂಮಿನಲ್ಲಿ ಮೂರನೇ ಕುರ್ಚಿ ನನ್ನದು. ಮೊದಲನೇ ಕುರ್ಚಿಯಲ್ಲಿ ಸರ್ವಮಂಗಳ, ಎರಡನೆಯದರಲ್ಲಿ ಅವಳ ಮೈದುನನ ಹೆಂಡತಿ ದಾಕ್ಷಾಯಿಣಿ. ಒಂದೇ ಮನೆಯ ಸೊಸೆಯರು ಇಲ್ಲೂ ಪಕ್ಕಪಕ್ಕ ಕೂರಬೇಕೆಂದು ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ! ಸಾಲದ್ದಕ್ಕೆ ಅವರ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅಲ್ಲಿ ಸೌಟು ಬಿದ್ದರೆ ಇಲ್ಲಿ ಕೇಳುತ್ತಿತ್ತು.

ಮಂಗಳ ಕೆಟ್ಟವಳಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದಿಲ್ಲ. ತಾಯಿಯಿಲ್ಲದ ಹುಡುಗಿಯಾಗಿ ಆ ಮನೆಗೆ ಬಂದವಳು. ಅತ್ತೆ ಚೆನ್ನವೀರಮ್ಮ ಅವಳಿಗೆ ತಲೆ ಬಾಚುವುದನ್ನು, ರೊಟ್ಟಿ ತಟ್ಟುವುದನ್ನು ಕಲಿಸಿದರು. ಮೊದಲ ಸಲ ಶಿಫ್ಟಿಗೆ ಬಂದ ದಿನ ಹೆದರಿಕೊಂಡಿದ್ದಳೆಂದು ಇಡೀ ಹೊತ್ತು ಕಂಟ್ರೋಲ್ ರೂಮಿನ ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದರು. ಆ ಹೆಂಗಸು ಎಂದರೆ ಮಂಗಳಳಿಗೆ ಪ್ರಾಣ. ಅಷ್ಟರಲ್ಲಿ ದಾಕ್ಷಾಯಿಣಿ ಬಂದಳು. ಬಂದವಳು ಸುಮ್ಮನೆ ಒಂದು ಮೂಲೆಯಲ್ಲಿ ಇರಬಾರದಿತ್ತೇ? ನಗುನಗುತ್ತ ಮಾತಾಡಿದಳು, ಹಾಡಿದಳು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದಳು.

ಉಪ್ಪಿನಕಾಯಿ ಜಾಡಿಯ ಪ್ರಸಂಗ ನಡೆದಾಗ ನಾನು ಅಲ್ಲೇ ಇದ್ದೆ. ಆ ಮನೆಯಲ್ಲಿ ಜಾಡಿಗೆ ಕೈ ಹಾಕುವ ಹಕ್ಕು ಅತ್ತೆ ಯಾರಿಗೆ ಕೊಡುತ್ತಾರೋ ಅವರಿಗೆ ಮಾತ್ರ. ಎಷ್ಟೋ ವರ್ಷ ಮಂಗಳಳೇ ಹಾಕುತ್ತಿದ್ದಳು. ಒಂದು ಸಲ ಉಪ್ಪಿನಕಾಯಿ ಬೂಷ್ಟು ಹಿಡಿಯಿತು. ಮರುದಿನ ಚೆನ್ನವೀರಮ್ಮ ಯಾವ ದುರುದ್ದೇಶವೂ ಇಲ್ಲದೆ, "ದಾಕ್ಷಾಯಿಣಿ, ಈ ಸಲ ನೀನು ಹಾಕೇ. ನಿನ್ನ ಕೈಗುಣ ಚೆನ್ನಾಗಿದೆ" ಅಂದರು.

ಮಂಗಳ ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡು, "ನನ್ನ ಕೈಯಲ್ಲೇನು ವಿಷ ಇದೆಯಾ ಪುಟ್ಟತಾಯಕ್ಕ?" ಎಂದು ಗಳಗಳನೆ ಅತ್ತಳು. ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆವತ್ತೇ.

ಹೀಗಿರುವಾಗ ಕಲ್ಲೊಡಲಿನ ಬಂಡೆ ಬಿರುಕು ಬಿಟ್ಟಿತು. ಊರು ಖಾಲಿ ಮಾಡಬೇಕು ಎಂದಾಯಿತು. ಹತ್ತಿರದ ಎರಡು ಬೆಟ್ಟಗಳಲ್ಲಿ ಹೊಸ ಊರುಗಳು ಸಿದ್ಧವಾಗಿದ್ದವು: ಬಡಗಲ್ಲು, ತೆಂಕಲ್ಲು. ಅರ್ಧ ಜನ ಅಲ್ಲಿಗೆ, ಅರ್ಧ ಜನ ಇಲ್ಲಿಗೆ. ನಡುವೆ ಒಂದು ಸುರಂಗ, ಸುರಂಗಕ್ಕೊಂದು ಬಾಗಿಲು. ತೊಂದರೆ ಏನೆಂದರೆ ಎರಡು ಊರಿನ ಯಂತ್ರಗಳನ್ನು ಮಾಡಿದವರು ಬೇರೆ ಬೇರೆ. ನಮ್ಮ ಯಂತ್ರದಲ್ಲಿ ಹೊಸಬರನ್ನು ಸೇರಿಸುವ ಆಜ್ಞೆ ಒಂದಾದರೆ ಬಡಗಲ್ಲಿನಲ್ಲಿ ಇನ್ನೊಂದು, ತೆಂಕಲ್ಲಿನಲ್ಲಿ ಮತ್ತೊಂದು. ಜನ ಗಂಟುಮೂಟೆ ಹೊತ್ತು ಬಾಗಿಲಿಗೆ ಹೋಗುವ ಮೊದಲೇ ಎಲ್ಲರ ಹೆಸರು, ಗುಂಪು ಅಲ್ಲಿ ಇರಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಇಲ್ಲ, ಹೊರಗೆ ಬಿಸಿಲು.

"ಎಲ್ಲಾ ಕಡೆ ನಡೆಯೋ ಒಂದು ಸ್ಕ್ರಿಪ್ಟು ಬೇಕು" ಎಂದರು ಹಮೀದ್ ಸಾಹೇಬರು. ಸ್ಕ್ರಿಪ್ಟು ಎಂದರೆ ಯಂತ್ರಕ್ಕೆ ಬರೆದುಕೊಡುವ ಕೆಲಸದ ಸಾಲುಗಳು. ಶೆಲ್ ಎನ್ನುವ ಭಾಗ ಅದನ್ನು ಒಂದೊಂದೇ ಸಾಲು ಓದಿ ಮಾಡಿಸುತ್ತದೆ.

ಮಂಗಳಳ ಹತ್ತಿರ ಸ್ಕ್ರಿಪ್ಟು ಇತ್ತು. ವರ್ಷಗಟ್ಟಲೆ ತಿದ್ದಿ ತೀಡಿ ಬೆಳೆಸಿದ್ದು. ನಮ್ಮ ಯಂತ್ರದ ಎಲ್ಲ ಹೊಸ ಸೌಲಭ್ಯ, ಎಲ್ಲ ಒಳದಾರಿ ಅದರಲ್ಲಿದ್ದವು. ಕಲ್ಲೊಡಲಿನಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಗಾಳಿ ಕೊಟ್ಟದ್ದು ಅದೇ. ಸಾಹೇಬರು ಬಡಗಲ್ಲಿನ ಯಂತ್ರ ತರಿಸಿ ಅದರಲ್ಲಿ ಈ ಸ್ಕ್ರಿಪ್ಟು ಓಡಿಸಿದರು. ಎರಡನೇ ಸಾಲಿಗೇ ಯಂತ್ರ, ಈ ಮಾತು ನನಗೆ ಗೊತ್ತಿಲ್ಲ ಎಂದು ಕೈ ಚೆಲ್ಲಿತು. ತೆಂಕಲ್ಲಿನದು ಮೊದಲನೇ ಸಾಲಿಗೇ.

ಆಗ ದಾಕ್ಷಾಯಿಣಿ, "ಸಾರ್, ನಾನೊಂದು ಬರ್ದಿದ್ದೆ, ನೋಡ್ತೀರಾ?" ಎಂದಳು.

ಅದು ನೋಡಲು ಏನೂ ಇರಲಿಲ್ಲ. ಚೋಟುದ್ದ. ಯಾವ ಹೊಸ ಸೌಲಭ್ಯವನ್ನೂ ಮುಟ್ಟಿರಲಿಲ್ಲ, ಎಲ್ಲ ಯಂತ್ರಗಳಿಗೂ ಗೊತ್ತಿರುವ ಹಳೆಯ ಮಾತುಗಳಷ್ಟೇ. ಮೊದಲು ಯಂತ್ರವನ್ನು ಕೇಳುತ್ತದೆ: ನಿನಗೆ ಯಾವ ಆಜ್ಞೆ ಅರ್ಥವಾಗುತ್ತದೆ? ಆಮೇಲೆ ಕೇಳುತ್ತದೆ: ಈ ಗುಂಪು ಇದೆಯೇ? ಇಲ್ಲದಿದ್ದರೆ ಮಾಡು. ಈ ಹೆಸರು ಇದೆಯೇ? ಇಲ್ಲದಿದ್ದರೆ ಮಾಡು. ಇದ್ದರೆ ತುಟಿಪಿಟಕ್ಕೆನ್ನದೆ ಮುಂದಕ್ಕೆ ಹೋಗು. ಎಷ್ಟು ಸಲ ಓಡಿಸಿದರೂ ಗದ್ದಲವಿಲ್ಲ, ಎರಡೆರಡು ಹೆಸರಿಲ್ಲ. ಬಡಗಲ್ಲಿನಲ್ಲೂ ಓಡಿತು, ತೆಂಕಲ್ಲಿನಲ್ಲೂ ಓಡಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಏನು ಮಾಡಲಿ, ಚೆನ್ನಾಗಿತ್ತು.

ಮಂಗಳಳ ಮುಖ ನೋಡಲಾಗುತ್ತಿರಲಿಲ್ಲ. ಹೊರಗೆ ಬಂದವಳೇ, "ಏನಿದೆ ಅದ್ರಲ್ಲಿ? ಮಕ್ಕಳು ಬರ್ಯೋ ಥರ ಇದೆ. ನಂದು ನೋಡಿ ನೋಡಿ ಕಲ್ತು, ಕೊನೆಗೆ ನನ್ನ ತಲೆ ಮೇಲೇ ಕಾಲಿಟ್ಲು" ಎಂದಳು.

"ನಿನ್ನದ್ರಲ್ಲಿ ಇರೋ ಒಂದು ಸಾಲೂ ಅದ್ರಲ್ಲಿ ಇಲ್ವಲ್ಲೇ" ಎಂದೆ.

"ನೀವೂ ಅವಳ ಕಡೆಯೇ!"

ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ದಾಕ್ಷಾಯಿಣಿ ಮಾತಾಡುವ ಮೀಟಿಂಗು ಎಂದರೆ ಅವಳಿಗೆ ತಲೆನೋವು ಬರತೊಡಗಿತು. ಸಾಹೇಬರು ಬಾಗಿಲಿನ ನಿಯಮ ಹೇಳಿದ ಮೀಟಿಂಗಿಗೆ ಮಾತ್ರ ಬಂದಿದ್ದಳು, ಅದೂ ಅರ್ಧಕ್ಕೆ ಎದ್ದು ಹೋದಳು. ನಿಯಮ ಇಷ್ಟು: ಗಾಳಿ ಅಳತೆಯದಾದ್ದರಿಂದ ಒಂದು ಊರಿನವರು ಇನ್ನೊಂದು ಊರಿಗೆ ಹೋಗುವಂತಿಲ್ಲ. ಎರಡೂ ಊರಿನ ಯಂತ್ರಗಳು ಊರು ಬಿಡುವ ಸಂಜೆ ಒಮ್ಮೆ ನಂಬರುಗಳನ್ನು ತಾಳೆ ನೋಡಿ ಹೆಸರಿನ ಪಟ್ಟಿಗೆ ಬೀಗ ಹಾಕಿಕೊಳ್ಳುತ್ತವೆ. ಮತ್ತೆ ತೆರೆಯುವುದು ಐದು ವರ್ಷಕ್ಕೆ, ಗಾಳಿಯ ಲೆಕ್ಕ ಹೊಸದಾಗಿ ಮಾಡುವಾಗ.

ಇಷ್ಟು ಕೇಳಿದ್ದೇ ಅವಳು ಎದ್ದು ಹೋದದ್ದು. ಏಕೆಂದರೆ ಆವತ್ತೇ ಮನೆ ಹಂಚಿಕೆಯೂ ಗೊತ್ತಾಗಿತ್ತು. ಹೊಸ ಊರಿನಲ್ಲಿ ದೊಡ್ಡ ಮನೆಗಳಿಲ್ಲ. ಒಂದು ಒಲೆ ಎರಡಾಗಬೇಕು. ಮಂಗಳ ಮತ್ತು ಅವಳ ಗಂಡನಿಗೆ ಬಡಗಲ್ಲು, ಅಲ್ಲೇ ನನಗೂ. ದಾಕ್ಷಾಯಿಣಿಗೆ ತೆಂಕಲ್ಲು. ಚೆನ್ನವೀರಮ್ಮ ಎಲ್ಲಿಗೆ? ಅದು ಮನೆಯವರಿಗೆ ಬಿಟ್ಟದ್ದು. ಅವರಿಗೆ ಆಗಲೇ ಎಂಬತ್ತು ದಾಟಿತ್ತು. ಐದು ವರ್ಷ ಎಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಂಡಂದಿರಿಬ್ಬರೂ ಫ್ಯಾನು ರಿಪೇರಿಯವರು. ಫ್ಯಾನು ಬಿಟ್ಟು ಬೇರೆ ವಿಷಯಕ್ಕೆ ತಲೆ ಹಾಕದವರು. "ಅವ್ವ ಏನ್ ಹೇಳ್ತಾಳೋ ಹಂಗೆ" ಎಂದು ಕೈ ತೊಳೆದುಕೊಂಡರು. ಕಡೆಗೆ ಮಂಗಳಳೇ ಧೈರ್ಯ ಮಾಡಿದಳು. ಚೆನ್ನವೀರಮ್ಮ ಅವರೆಕಾಳು ಬಿಡಿಸುತ್ತ ಕೂತಿದ್ದರು. ನಾನು ಎದುರಿಗಿದ್ದೆ.

"ಅತ್ತೆ, ನೀವು ಯಾರ ಜೊತೆ ಬರ್ತೀರಿ?"

"ಅದಾ? ದಾಕ್ಷಾಯಿಣಿಗೆ ಹೇಳಿದ್ದೀನಿ ಕಣೇ. ಅವಳು ಎಲ್ಲಾ ನೋಡ್ಕೋತಾಳೆ" ಎಂದರು ಮುದುಕಿ, ಕಾಳಿನಿಂದ ಕಣ್ಣು ಎತ್ತದೆ.

ಮಂಗಳ ಅಲ್ಲಿಂದ ಎದ್ದು ಹೋದಳು. ಎದ್ದಾಗ ಅವಳ ಸೆರಗು ಸಿಕ್ಕಿ ಕಾಳಿನ ಮೊರ ಉರುಳಿತು, ಅದನ್ನೂ ತಿರುಗಿ ನೋಡಲಿಲ್ಲ. ಆವತ್ತಿನಿಂದ ಅವಳು ಉಂಡದ್ದು ಅನ್ನವಲ್ಲ, ಬರೀ ಹೊಟ್ಟೆಕಿಚ್ಚು. ಜಾಡಿ ಕಿತ್ತುಕೊಂಡಳು, ಚಪ್ಪಾಳೆ ಕಿತ್ತುಕೊಂಡಳು, ಈಗ ತಾಯಿಯನ್ನೂ ಕಿತ್ತುಕೊಂಡಳು ಎಂದು ನನ್ನ ಮುಂದೆ ಹಲ್ಲು ಕಡಿದಳು. ನನಗೂ ಪಾಪ ಅನ್ನಿಸಿತು.

ಊರು ಬಿಡುವ ದಿನ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ದಾಕ್ಷಾಯಿಣಿ ಮಂಗಳಳ ಕುರ್ಚಿಯ ಹತ್ತಿರ ಬಂದು ನಿಂತಳು. "ಅಕ್ಕಾ, ಅತ್ತೆ ವಿಷಯ ಒಂದು ಮಾತು..."

"ಏನೂ ಬೇಡ. ಗೊತ್ತು ನಂಗೆ."

"ಅಲ್ಲಕ್ಕಾ, ಸಾಹೇಬ್ರ ಹತ್ರ ಕೇಳಿ ನಾನು..."

"ಗೊತ್ತು ಅಂದ್ನಲ್ಲಾ! ನಿನ್ನ ಸಾಹೇಬ್ರು, ನಿನ್ನ ಸ್ಕ್ರಿಪ್ಟು, ನಿನ್ನ ಅತ್ತೆ. ಸಂತೋಷವಾಗಿರು ಹೋಗು."

ದಾಕ್ಷಾಯಿಣಿ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ, ಈಗ ಬೇಡ ಎಂದೆ. ಅವಳು ತೆಂಕಲ್ಲಿನ ಬಾಗಿಲು ನೋಡಲು ಹೊರಟುಹೋದಳು. ಏನು ಹೇಳಲು ಬಂದಿದ್ದಳೋ ನನಗೂ ತಿಳಿಯಲಿಲ್ಲ.

ಮಧ್ಯಾಹ್ನ ನಾವೆಲ್ಲ ಊಟಕ್ಕೆ ಹೋದೆವು. ಮಂಗಳ ಹೋಗಲಿಲ್ಲ. ಆಗ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಖಾಲಿ ಕೋಣೆಯಲ್ಲಿ ಕೂತು ತೆಂಕಲ್ಲಿನ ಯಂತ್ರ ತೆರೆದಳು. ಹೆಸರು ಹುಡುಕಿದಳು. ಇತ್ತು. ಚೆನ್ನವೀರಮ್ಮ, ದಾಕ್ಷಾಯಿಣಿಯ ಗುಂಪು. ಅದನ್ನು ಅಳಿಸಿಹಾಕಿದಳು.

ಆಮೇಲೆ ಬಡಗಲ್ಲಿನ ಯಂತ್ರಕ್ಕೆ ಬಂದು, ದಾಕ್ಷಾಯಿಣಿ ಬರೆದ ಅದೇ ಸ್ಕ್ರಿಪ್ಟನ್ನು, ಅತ್ತೆಯ ಹೆಸರು ಮತ್ತು ತನ್ನ ಗುಂಪು ಕೊಟ್ಟು ಓಡಿಸಿದಳು. ಅದು ಏನೂ ಹೇಳದೆ ಮುಗಿಯಿತು. ಬೇರೆ ಯಾರಾದರೂ ಬರೆದಿದ್ದರೆ ಆ ಸ್ಕ್ರಿಪ್ಟು, ಈ ಹೆಸರು ಆಗಲೇ ಇದೆ ಎಂದು ಒಂದು ಸಾಲಾದರೂ ಬರೆಯುತ್ತಿತ್ತು. ಮಂಗಳಳದು ಬರೆಯುತ್ತಿತ್ತು. ಇದು ಹೊಸದಾಗಿ ಮಾಡಿದರೂ ಸುಮ್ಮನೆ, ಇದ್ದದ್ದನ್ನು ಬಿಟ್ಟು ಮುಂದೆ ಹೋದರೂ ಸುಮ್ಮನೆ. ತಾನೇ ಸೇರಿಸಿದೆ ಎಂದುಕೊಂಡಳು ಮಂಗಳ. ಊಟದಿಂದ ನಾವು ಬಂದಾಗ ಅವಳು ನಗುತ್ತಿದ್ದಳು, ನನ್ನ ತಟ್ಟೆಯ ಬಾಳೆಹಣ್ಣು ಕಿತ್ತು ತಿಂದಳು.

ಮಧ್ಯಾಹ್ನದ ಮೇಲೆ ಯಂತ್ರಗಳ ಸರದಿ. ಫ್ಯಾನು, ಪಂಪು, ದೀಪ, ಎಲ್ಲಕ್ಕೂ ಹೆಸರು, ಎಲ್ಲಕ್ಕೂ ಖಾಲಿ ಇರುವ ಮುಂದಿನ ನಂಬರು. ಸಂಜೆ ಎರಡೂ ಊರುಗಳು ನಂಬರು ತಾಳೆ ನೋಡಿಕೊಂಡು ಬೀಗ ಹಾಕಿಕೊಂಡವು. ನಾವು ಗಂಟು ಹೊತ್ತು ಹೊಸ ಊರುಗಳಿಗೆ ಹೋಗುವ ಸುರಂಗದಲ್ಲಿ ನಡೆದೆವು. ಕವಲಿನಲ್ಲಿ ಚೆನ್ನವೀರಮ್ಮ ದಾಕ್ಷಾಯಿಣಿಯ ಕೆನ್ನೆ ಸವರಿ, "ಬರ್ತೀನಿ ಕಣೇ" ಎಂದು ಮಂಗಳಳ ಹಿಂದೆ ಬಂದರು. ಬಡಗಲ್ಲಿನ ಬಾಗಿಲು ಅವರಿಗೆ ತೆರೆಯಿತು. ದಾಕ್ಷಾಯಿಣಿ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಸೋತೆ ಎಂದು ಗೊತ್ತಾಗಿರಬೇಕು ಎಂದು ಮಂಗಳ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಮೊದಲ ವಾರ ಮಂಗಳಳನ್ನು ನೋಡಬೇಕಿತ್ತು. ಅತ್ತೆಗೆ ಬಿಸಿನೀರು, ಅತ್ತೆಗೆ ಮೆತ್ತನೆ ಮುದ್ದೆ, ಅತ್ತೆಯ ಹಾಸಿಗೆ ಗಾಳಿ ಚೆನ್ನಾಗಿ ಬರುವ ಕಡೆ. ದಾಕ್ಷಾಯಿಣಿಯ ಹೆಸರು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಚೆನ್ನವೀರಮ್ಮನೂ ಎತ್ತಲಿಲ್ಲ. ಎಂಟನೇ ದಿನ ಬೆಳಿಗ್ಗೆ ಅವರು ಒಗೆದ ಸೀರೆ ಉಟ್ಟುಕೊಂಡು, ಒಂದು ಡಬ್ಬಿಗೆ ಚಕ್ಕುಲಿ ತುಂಬಿಕೊಂಡು ನಿಂತಿದ್ದರು.

"ಎಲ್ಲಿಗೆ ಅತ್ತೆ?"

"ತೆಂಕಲ್ಲಿಗೆ. ದಾಕ್ಷಾಯಿಣಿನ ನೋಡ್ಕೊಂಡು ಸಂಜೆಗೆ ಬಂದ್ಬಿಡ್ತೀನಿ."

"ಹೋಗೋಕಾಗಲ್ಲ ಅತ್ತೆ. ಬಾಗಿಲು ತೆಗ್ಯಲ್ಲ."

"ನಂಗೆ ತೆಗ್ಯತ್ತೆ" ಎಂದರು ಅವರು, ಮಗುವಿನಂತೆ ಹೆಮ್ಮೆಯಿಂದ. ನಿಲ್ಲಲೂ ಇಲ್ಲ. ಮಂಗಳ ಹಿಂದೆ ಓಡಿದಳು, ಅವಳ ಹಿಂದೆ ನಾನು.

ಸುರಂಗದ ಬಾಗಿಲ ಮುಂದೆ ಚೆನ್ನವೀರಮ್ಮ ಸೆರಗು ಸರಿಮಾಡಿಕೊಂಡು ನಿಂತರು. ಬಾಗಿಲಿನ ಕೆಂಪು ದೀಪ ಹಸಿರಾಗಲಿಲ್ಲ. ಬಾಗಿಲಿನ ನಡುವೆ ಮಾತಾಡಲು ಒಂದು ಜಾಲರಿ ಇದೆ. ಆ ಕಡೆ ದಾಕ್ಷಾಯಿಣಿ, ಮೊದಲೇ ಮಾತಾಗಿತ್ತೆಂದು ಕಾಣುತ್ತದೆ, ಆಗಲೇ ಬಂದು ಕಾಯುತ್ತಿದ್ದಳು.

"ಯಾಕೇ ತೆರೀತಿಲ್ಲ ಇದು? ಸುಮ್ನೆ ಹೋಗಿ ನಿಂತ್ಕೊಳ್ಳಿ, ಅದೇ ತೆರ್ಕೊಳತ್ತೆ ಅಂದಿದ್ಯಲ್ಲ" ಎಂದರು ಅತ್ತೆ.

"ಒಂದ್ ನಿಮಿಷ ಅತ್ತೆ, ನೋಡ್ತೀನಿ."

ಮಂಗಳ ಹುಬ್ಬು ಗಂಟಿಕ್ಕಿದಳು. "ಏನು ನೋಡ್ತಾಳೆ? ಏನು ಹೇಳಿದ್ಲು ನಿಮಗೆ?"

"ಅಯ್ಯೋ, ನಿಂಗೆ ಹೇಳ್ಲಿಲ್ವಾ ಅವಳು? ನಾನಿರೋದು ಮಂಗಳನ ಮನೇಲೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ನಿನ್ನ ಮನೆಗೂ ಬಂದು ಹೋಗೋಕೆ ಏನಾದ್ರೂ ಒಂದು ದಾರಿ ಮಾಡು ಅಂದಿದ್ದೆ. ಎರಡೂ ಊರಲ್ಲಿ ನನ್ನ ಹೆಸರು ಹಾಕಿ, ಎರಡೂ ಕಡೆ ಖಾಲಿ ಇರೋ ಒಂದೇ ನಂಬರು ಹುಡುಕಿ ಕೊಟ್ಟಿದ್ದಾಳೆ. ಎರಡೂ ಕಡೆ ಒಂದೇ ಹೆಸರು, ಒಂದೇ ನಂಬರಿದ್ರೆ ಬಾಗಿಲು ತೆರ್ಯತ್ತಂತೆ. ಸಾಹೇಬ್ರೂ ಒಪ್ಪಿದಾರೆ."

ಮಂಗಳಳ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ಸುರಂಗದ ಗೋಡೆ ಹಿಡಿದುಕೊಂಡಳು.

ಜಾಲರಿಯ ಆ ಕಡೆ ದಾಕ್ಷಾಯಿಣಿ ತನ್ನ ಕೈಯಲ್ಲಿದ್ದ ಪರದೆಯಲ್ಲಿ ಹುಡುಕುತ್ತಿದ್ದಳು. ಅಳಿಸಿದ ಹೆಸರು ಯಾವತ್ತು ಅಳಿಯಿತು, ಯಾರು ಅಳಿಸಿದರು ಎಂದು ಯಂತ್ರದಲ್ಲಿ ಉಳಿದಿರುತ್ತದೆ. ಅವಳಿಗೆ ಅದು ಸಿಕ್ಕಿತು ಎಂದು ಅವಳ ಉಸಿರಿನಲ್ಲೇ ನನಗೆ ಗೊತ್ತಾಯಿತು.

"ನಿಮ್ಮ ಹೆಸರು ಇಲ್ಲಿಲ್ಲ ಅತ್ತೆ" ಎಂದಳು ಕಡೆಗೆ. "ಆ ನಂಬರು ನಮ್ಮೂರಿನ ಚರಂಡಿ ಪಂಪಿಗೆ ಹೋಗಿದೆ. ಬೀಗ ಬಿದ್ದಾಯ್ತು, ಇನ್ನು ಬದಲಾಯಿಸೋಕಾಗಲ್ಲ. ನಂದೇ ತಪ್ಪು. ಗಡಿಬಿಡೀಲಿ ಈ ಕಡೆ ಹಾಕೋದು ಮರ್ತುಬಿಟ್ಟೆ."

"ಮರ್ತ್ಯಾ?" ಚೆನ್ನವೀರಮ್ಮನ ದನಿ ಸಣ್ಣದಾಯಿತು. "ನನ್ನನ್ನ ಮರ್ತ್ಯಾ?"

"ಹೂಂ ಅತ್ತೆ."

ಮುದುಕಿ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಆಮೇಲೆ ಹಿಂದಕ್ಕೆ ತಿರುಗಿ, "ಮಂಗಳ ಆಗಿದ್ರೆ ಮರೀತಿರಲಿಲ್ಲ. ನನ್ನ ಮಂಗಳ ಒಂದು ದಿನಾನೂ ನನ್ನ ಮರ್ತೋಳಲ್ಲ" ಎಂದರು.

ದೇವರೇ! ಜೀವಮಾನವೆಲ್ಲ ಆ ಒಂದು ಮಾತಿಗೆ ಕಾದವಳು ಅವಳು. ಅದು ಈಗ ಬಂದು ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು, ಜಾಡಿ ಅವಳದು, ಅತ್ತೆ ಅವಳವರು, ಎಲ್ಲ ಅವಳದೇ. ದಾಕ್ಷಾಯಿಣಿ ಬಾಯಿ ಬಿಡುವವಳಲ್ಲ. ನಾನು ಬಿಟ್ಟರೂ ನಂಬುವವರು ಯಾರು?

ಆದರೆ ಮಂಗಳಳ ಕಣ್ಣು ಕೆಂಪಾಗಿತ್ತು. ಅದು ಪಶ್ಚಾತ್ತಾಪ ಎಂದು ಹೇಳಿ ನಾನು ಅವಳನ್ನು ದೊಡ್ಡವಳು ಮಾಡುವುದಿಲ್ಲ. ಪಶ್ಚಾತ್ತಾಪ ಹಾಗಿರುವುದಿಲ್ಲ. ಅವಳು ಬಾಗಿಲಿನ ಮೇಲೆ ಎರಡೂ ಕೈಯಿಂದ ಗುದ್ದಿದಳು.

"ಒಳ್ಳೆಯವಳಾಗ್ತೀಯಾ? ಇಲ್ಲೂ ನೀನೇ ಒಳ್ಳೆಯವಳಾಗ್ಬೇಕಾ? ನಿನ್ನ ಭಿಕ್ಷೆ ಬೇಡ ನಂಗೆ! ಸುಳ್ಳು ಅತ್ತೆ, ಅವಳು ಮರೀಲಿಲ್ಲ. ಎರಡೂ ಕಡೆ ಹಾಕಿದ್ಲು. ನಾನು ಅಳಿಸಿದ್ದು. ನಾನು!"

"ಅಕ್ಕಾ, ಬೇಡ" ಎಂದಳು ದಾಕ್ಷಾಯಿಣಿ ಆ ಕಡೆಯಿಂದ.

"ಬೇಡ ಅನ್ನೋಕೆ ನೀನ್ಯಾರೇ?"

ಚೆನ್ನವೀರಮ್ಮ ಒಬ್ಬಳ ಮುಖ ನೋಡಿದರು, ಇನ್ನೊಬ್ಬಳಿದ್ದ ಜಾಲರಿಯ ಕಡೆ ನೋಡಿದರು. "ಯಾಕೇ?" ಎಂದರು ಮಂಗಳಳಿಗೆ. ಬೈಗುಳವಿರಲಿಲ್ಲ ಅದರಲ್ಲಿ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

"ನಿಮ್ಮನ್ನ ಅವಳು ಕರ್ಕೊಂಡು ಹೋಗ್ಬಿಡ್ತಾಳೆ ಅಂತ."

ಅತ್ತೆ ಚಕ್ಕುಲಿ ಡಬ್ಬಿಯನ್ನು ಬಾಗಿಲಿನ ಬುಡದಲ್ಲಿ ಇಟ್ಟರು, ಆ ಕಡೆಯವರ ಕೈಗೆ ಅದು ಸಿಗುವುದಿಲ್ಲ ಎಂದು ಗೊತ್ತಿದ್ದೂ ಇಟ್ಟರು. ಜಾಲರಿಗೆ ಬಾಯಿ ಹತ್ತಿರ ತಂದು, "ಹುಷಾರಾಗಿರೇ ದಾಕ್ಷಾಯಿಣಿ. ಹೊತ್ತೊತ್ತಿಗೆ ಉಣ್ಣು" ಎಂದರು. ಆ ಕಡೆಯಿಂದ ಅಳು ಕೇಳಿಸಿತು.

ಮಂಗಳ ಕೈ ಚಾಚಿದಳು. ಚೆನ್ನವೀರಮ್ಮ ಅದನ್ನು ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಮಂಗಳಳ ಮನೆಯ ಕಡೆಗೇ ನಡೆದರು. ಇನ್ನೆಲ್ಲಿಗೆ ಹೋಗುತ್ತಾರೆ? ಅವರ ನಂಬರಿಗೆ ತೆರೆಯುವ ಮನೆ ಈಗ ಅದೊಂದೇ.